ಮೋಸಂಬಿಗೆ ಮುಸುರೆಯಿಲ್ಲ

ಜನವರಿ ೧೨, ೨೦೦೩, ಭಾನುವಾರ

ನಾಂಪಲ್ಲಿಯ ವಸ್ತುಪ್ರದರ್ಶನದಲ್ಲಿ ಇಂದು ಎರಡು ಗಂಟೆ ನಿಂತು, ಒಂದು ಯಂತ್ರವನ್ನು ಕೂಲಂಕಷವಾಗಿ ಪರೀಕ್ಷಿಸಿ ಕೊಂಡುತಂದೆ. ಮೋಸಂಬಿ ಹಿಂಡುವ ಯಂತ್ರ. ಅರ್ಧ ಹಣ್ಣನ್ನು ಕವುಚಿಟ್ಟು ಹಿಡಿಕೆ ಒತ್ತಿದರೆ ರಸ ಕೆಳಗೆ, ಬೀಜ ಮೇಲೆ. ಮಾರುವವನಿಗೆ ಹೆಚ್ಚು ಮಾತಿರಲಿಲ್ಲ. “ದೇಖೋ ಸಾಬ್, ಬಸ್ ದೇಖೋ” ಎನ್ನುತ್ತ ಹಿಂಡುವುದು, ತಾನೇ ಗಟಗಟ ಕುಡಿಯುವುದು, ತುಟಿ ಚಪ್ಪರಿಸುವುದು. ನನ್ನ ಕಣ್ಣೆದುರಿಗೇ ಎಂಟು ಲೋಟ ಮುಗಿಸಿದ. ಅವನ ಗಂಟಲನ್ನು ನೋಡಿ ನೋಡಿ ನನ್ನ ಗಂಟಲು ಒಣಗಿತು. ಕೊಂಡೆ.

ಹೈದರಾಬಾದಿನ ಕುಷಾಯಿಗೂಡದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ತಪಾಸಣಾ ವಿಭಾಗದಲ್ಲಿದ್ದವನು ನಾನು. ಇತರರು ಮಾಡಿದ ಸಾಮಾನಿನಲ್ಲಿ ತಪ್ಪು ಹುಡುಕುವುದಕ್ಕೆ ಸರಕಾರ ನನಗೆ ಸಂಬಳ ಕೊಡುತ್ತಿತ್ತು. ನಿವೃತ್ತಿಯ ನಂತರ ನನ್ನ ತಪಾಸಣೆಗೆ ಉಳಿದಿರುವ ಸರಕು ಒಂದೇ: ಮಗಳು ಶರ್ವರಿಯ ಮಗ ವಿಶ್ವಜಿತ್, ಹನ್ನೊಂದು ತಿಂಗಳು. ಶರ್ವರಿ, ಅಳಿಯ ಸಾಯಿಕುಮಾರ ಇಬ್ಬರೂ ಮಾಧಾಪುರದ ಗಾಜಿನ ಕಟ್ಟಡಗಳಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾರೆ. ಬೆಳಗ್ಗೆ ಏಳೂವರೆಗೆ ಕಂಪನಿಯ ಗಾಡಿ ಬಂದು ಇಬ್ಬರನ್ನೂ ಒಯ್ಯುತ್ತದೆ. ಆಮೇಲೆ ಈ ಮನೆಗೆ ನಾನೇ ಅಧಿಕಾರಿ, ವಿಶ್ಯಾನೇ ಪ್ರಜೆ.

ಜನವರಿ ೧೫, ಬುಧವಾರ

ಯಂತ್ರ ಉತ್ತಮ. ರಸ ದಿನಕ್ಕೆ ಆರುನೂರು ಮಿಲಿ. ಅನ್ನ ಎರಡು ಚಮಚ, ಅದೂ ಒಂದೂವರೆ ವಾಪಸು.

ಶರ್ವರಿ ಬೆಳಗ್ಗೆ ಎದ್ದು ಮಗನಿಗೆ ಹಾಲೂಡಿಸಿ, ಮೆತ್ತಗೆ ಬೇಳೆ ಅನ್ನ ಬೇಯಿಸಿ ಡಬ್ಬಿಯಲ್ಲಿಟ್ಟು ಹೋಗುತ್ತಾಳೆ. ನಾನು ಸ್ನಾನ ಮಾಡಿ, ಮಡಿ ಪಂಚೆ ಉಟ್ಟು, ಮಾರುದೂರದಿಂದ ಚಮಚ ಚಾಚುತ್ತೇನೆ. ಅವನು ಮುಖ ತಿರುಗಿಸುತ್ತಾನೆ. ಅಗುಳು ಬೀಳುತ್ತದೆ. ಬಿದ್ದ ಅಗುಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ನಮ್ಮ ಮನೆತನದಲ್ಲಿ ಬೆಂದ ಅನ್ನ ಮುಟ್ಟಿದ ಕೈ ಮುಸುರೆ, ಆ ಕೈ ಮುಟ್ಟಿದ ಲೋಟ ಮುಸುರೆ, ಬಾಗಿಲು ಮುಸುರೆ, ಪಂಚೆ ಮುಸುರೆ, ಎಲ್ಲವನ್ನೂ ತೊಳೆಯಬೇಕು. ಹಣ್ಣಿಗೆ ಈ ರಗಳೆಯಿಲ್ಲ. ಮೋಸಂಬಿಗೆ ಮುಸುರೆಯಿಲ್ಲ. ಕುಡಿದ, ಮುಗಿಯಿತು. ನೆಲ ಸ್ವಚ್ಛ, ನಾನು ಸ್ವಚ್ಛ, ಅವನೂ ಹೊರಗಿನಿಂದ ಸ್ವಚ್ಛ.

ಒಂದು ಗಂಟೆಗೆ ಶರ್ವರಿಯ ಫೋನು.

“ಅಪ್ಪಾ, ಉಂಡನೇನು?”

“ಹೊಟ್ಟಿ ತುಂಬ್ಯದ.”

“ನೀವು ಉಂಡ್ರಿ?”

“ಭೇದಿ ಇವತ್ತು ಐದ ಸಲ ಆತು. ಹಲ್ಲು ಬರ್ಲಿಕತ್ತಾವ.”

ಸುಳ್ಳು ಹೇಳಲಿಲ್ಲ. ಹೊಟ್ಟೆ ತುಂಬಿತ್ತು. ಯಾವುದರಿಂದ ಎಂದು ಅವಳು ಕೇಳಲಿಲ್ಲ.

ಜನವರಿ ೧೮, ಶನಿವಾರ

ಭೇದಿ ಆರು ಸಲ. ಹೋದ ನೀರನ್ನು ತುಂಬಬೇಕಲ್ಲವೇ? ಇನ್ನೆರಡು ಮೋಸಂಬಿ ಹಿಂಡಿದೆ.

ಜನವರಿ ೨೧, ಮಂಗಳವಾರ

ಇಂದು ನನ್ನ ಮೇಲೆ ತಪಾಸಣೆ ನಡೆಯಿತು.

ತಾರ್ನಾಕದ ಮಕ್ಕಳ ಡಾಕ್ಟರು ಸುಹಾಸಿನಿ ಕಲಬುರ್ಗಿ ಕಡೆಯವರು. ವಿಶ್ಯಾನನ್ನು ತಕ್ಕಡಿಯ ತಟ್ಟೆಯಲ್ಲಿ ಕೂರಿಸಿದರು. ಅವನು ಚೀರಿದ. ಮುಳ್ಳು ಏಳು ಕಿಲೊ ಐನೂರಕ್ಕೆ ನಿಂತಿತು. ನವೆಂಬರಿನಲ್ಲಿ ದಡಾರದ ಚುಚ್ಚುಮದ್ದು ಹಾಕಿಸಿದಾಗ ಏಳು ಆರುನೂರು ಇದ್ದ.

“ಇಳದದಲ್ಲ!” ಎಂದಳು ಶರ್ವರಿ.

“ದಿನಾ ಏನೇನು ಕೊಡ್ತೀರಿ ಕಾಕಾ?” ಎಂದರು ಡಾಕ್ಟರು.

ನಾನು ಇದೇ ಪ್ರಶ್ನೆಗಾಗಿ ಕಾದಿದ್ದೆ. ಗೆರೆ ಎಳೆದು ಬರೆದ ತಖ್ತೆಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಹರಡಿದೆ. ಸಮಯ, ಪ್ರಮಾಣ, ಷರಾ, ಕೆಳಗೆ ನನ್ನ ಸಹಿ. ಅವರು ಓದಿ ಕನ್ನಡಕ ತೆಗೆದಿಟ್ಟರು.

“ಆರುನೂರು ಮಿಲಿ! ಕಾಕಾ, ಇದು ಮೋಸಂಬಿ ಅಂಗಡಿನೋ ಕೂಸಿನ ಹೊಟ್ಟಿನೋ?”

“ಶುದ್ಧ ರಸರೀ. ಒಂದ ಹರಳು ಸಕ್ಕರಿ ಹಾಕಿಲ್ಲ.”

“ನೀವು ಹಾಕಬೇಕಾಗಿಲ್ಲ, ಹಣ್ಣೇ ಹಾಕಿರ್ತದ. ಹಿಂಡಿದ ಮ್ಯಾಲ ನಾರು ನಿಮ್ಮ ಬುಟ್ಟಿಗೆ ಹೋತು, ಸಿಹಿ ನೀರು ಇವನ ಹೊಟ್ಟಿಗೆ ಬಂತು. ಹೊಟ್ಟಿ ತುಂಬ್ತದ, ಮೈ ತುಂಬೂದಿಲ್ಲ. ಹಸಿವಿಲ್ಲದ ಕೂಸು ಅನ್ನ ಯಾಕ ತಿಂತದ? ಈ ಭೇದಿನೂ ಹಲ್ಲಿನ್ದಲ್ಲ, ರಸದ್ದು.”

“ಹಂಗಾರ ನೀರಡಿಕಿಗೆ?”

“ನೀರು. ತಾಯಿ ಹಾಲು ನಡೀಲಿ. ದಿನಕ್ಕ ಮೂರು ಸಲ ಊಟ, ನಡುವ ಎರಡು ಸಲ ಏನರೆ. ಅನ್ನ, ಬ್ಯಾಳಿ, ತುಪ್ಪ. ಹಣ್ಣು ಬೇಕಾದ್ರ ಬಾಳೆಹಣ್ಣು ಹಿಚುಕಿ ಕೊಡ್ರಿ, ಇಡೀ ಹಣ್ಣು. ಕೈಯಾರೆ ಮುಟ್ಲಿ, ಹಿಸುಕ್ಲಿ, ಮೈಗೆಲ್ಲ ಬಳ್ಕೊಳ್ಳಿ.”

ಕಡೆಯ ಸೂಚನೆ ಕೇಳಿ ನನ್ನ ಪಂಚೆ ತಾನಾಗಿಯೇ ಒಂದಿಷ್ಟು ಹಿಂದೆ ಸರಿಯಿತು.

ಒಂದು ತಿಂಗಳ ಗಡುವು. ನಾನೂರು ಗ್ರಾಂ ಏರಬೇಕು. ಏರದಿದ್ದರೆ ಆಸ್ಪತ್ರೆಗೆ ಸೇರಿಸಿ ರಕ್ತ, ಮಲ ಎಲ್ಲ ಪರೀಕ್ಷೆ.

ಆಟೋ ಹಬ್ಸಿಗುಡ ದಾಟುವವರೆಗೆ ಶರ್ವರಿ ಮಗನ ಟೊಪ್ಪಿಗೆ ಸರಿಮಾಡುತ್ತಿದ್ದಳು. ಆಮೇಲೆ, “ಅಪ್ಪಾ, ನಾ ಕೆಲಸ ಬಿಡ್ತೀನಿ” ಎಂದಳು. ಸಿಟ್ಟಿನಿಂದಲ್ಲ. ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು.

“ಒಂದು ತಿಂಗಳು ಕೊಡು. ಮೂವತ್ತೊಂದು ವರ್ಷದಾಗ ನಾ ಒಂದು ಗಡುವು ತಪ್ಪಿಸಿಲ್ಲ.”

“ಇದು ಕಾರ್ಖಾನಿ ಅಲ್ಲಪ್ಪಾ.”

“ಗೊತ್ತದ. ಒಂದು ತಿಂಗಳು.”

ಅವಳು ಮಗನ ತಲೆ ಸವರಿ ‘ಹ್ಞೂಂ’ ಎಂದಳು. ನೂರು ಗ್ರಾಂ ಇಳಿಸಿದವನು ನಾನು. ನಾನೂರು ಏರಿಸುವವನೂ ನಾನೇ.

ಜನವರಿ ೨೨, ಬುಧವಾರ

ಯಂತ್ರವನ್ನು ಕಂಡರೆ ಸಾಕು, ವಿಶ್ಯಾ ಕೈಚಾಚಿ ಅಳುತ್ತಾನೆ. ಆದ್ದರಿಂದ ಅದನ್ನು ಅಟ್ಟಕ್ಕೆ ಗಡಿಪಾರು ಮಾಡಲಾಯಿತು. ಅಲ್ಲಿ ಹಳೆ ಸೀರೆಯಲ್ಲಿ ಸುತ್ತಿದ, ನನ್ನ ಹೆಂಡತಿ ಕೃಷ್ಣಾಬಾಯಿಯ ಊಟದ ತಾಟು ಇತ್ತು. ಎರಡು ವರ್ಷದಿಂದ ಅಲ್ಲೇ ಇದೆ. ಯಂತ್ರವನ್ನು ಅದರ ಪಕ್ಕದಲ್ಲಿಟ್ಟು ಇಳಿದೆ. ಧೂಳು ಬಹಳ.

ಜನವರಿ ೨೪, ಶುಕ್ರವಾರ

ಮುಷ್ಕರ. ಬಟ್ಟಲಲ್ಲಿ ನೀರು ಕೊಟ್ಟರೆ ನನ್ನ ಮೇಲೆ ಉಗುಳುತ್ತಾನೆ. ‘ಕಾಗಿ ಬಂತು, ಗುಬ್ಬಿ ಬಂತು’ ಎಂದು ಚಮಚವನ್ನು ಹಾರಿಸಿದೆ. ಹೈದರಾಬಾದಿನ ಸಕಲ ಪಕ್ಷಿಗಳೂ ಬಂದು ಹೋದವು. ಬಾಯಿ ತೆರೆಯಲಿಲ್ಲ.

ಶುಭ ಸಮಾಚಾರ: ಭೇದಿ ಎರಡೇ ಸಲ.

ಜನವರಿ ೨೭, ಸೋಮವಾರ

ಪಾತ್ರೆ ತೊಳೆಯುವ ಸಾಬಮ್ಮ ಇಂದು ತನ್ನ ಅಧಿಕಾರವ್ಯಾಪ್ತಿ ಮೀರಿ ಮಾತಾಡಿದಳು.

ಅವಳು ಯಾದಗಿರಿ ಕಡೆಯವಳು. ಗಂಡ ಅಂಬಣ್ಣ ಮಾಧಾಪುರದ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತಾನೆ. ಮಗಳೂ ಅಲ್ಲೇ ಕೂಲಿಗೆ ಹೋಗುತ್ತಾಳೆ. ಸಾಬಮ್ಮ ನಮ್ಮ ಹಿತ್ತಲಲ್ಲಿ ಪಾತ್ರೆ ತೊಳೆದು ಕವುಚಿಡುತ್ತಾಳೆ. ನಾನು ನೀರು ಚಿಮುಕಿಸಿ ಒಳಗೆ ತರುತ್ತೇನೆ. ಹಿತ್ತಲ ಹೊಸ್ತಿಲಿನಿಂದ ಆಚೆ ಅವಳ ಆಡಳಿತ, ಈಚೆ ನನ್ನದು. ನನ್ನ ತಾಯಿಯ ಕಾಲದ ವ್ಯವಸ್ಥೆ. ನಾನು ಬರೇ ಮುಂದುವರಿಸಿದವನು.

ವಿಶ್ಯಾನ ಮುಂದೆ ನಾನು ಚಮಚ ಹಿಡಿದು ಮಂಡಿಯೂರಿದ್ದನ್ನು ಅವಳು ಹೊಸ್ತಿಲಾಚೆಯಿಂದ ನೋಡುತ್ತಿದ್ದಳು.

“ಸಾಹೇಬ್ರ, ಒಂದ್ ಮಾತ್ ಹೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ಈ ಕೂಸು ಉಣ್ಣೂದು ಅಂದ್ರ ಏನಂತ ಎಲ್ಲಿ ನೋಡೈತ್ರಿ?”

“ಅಂದರ?”

“ಈ ಮನ್ಯಾಗ ಯಾರ್ ಉಣ್ತೀರಿ? ಅಕ್ಕಾರು ಗಾಡ್ಯಾಗ ತಿಂತಾರ, ಅಳಿಯಂದ್ರು ಆಪೀಸಿನ್ಯಾಗ ತಿಂತಾರ. ನೀವು ಒಲಿ ಮುಂದ ನಿಂತು ಗುಳಗಿ ನುಂಗಿದಂಗ ನುಂಗಿ ಬಿಡ್ತೀರಿ. ಅದಕ್ಕೂ ಅನಸ್ತೈತಿ, ನನಗೊಬ್ಬಂಗೇ ಯಾಕ ಈ ಶಿಕ್ಷಾ ಅಂತ.”

“ನಾ ಒಪ್ಪತ್ತು ಊಟದವ ಸಾಬಮ್ಮ. ಎರಡು ವರ್ಷಾತು.”

“ಹೌದ್ರಿ, ಅಮ್ಮಾರು ಹೋದಾಗಿಂದ. ಗೊತ್ತೈತಿ.”

ಸೊಕ್ಕಿನ ಮಾತು. ಇದಕ್ಕೆ ಅಂಶವಾರು ಉತ್ತರವೊಂದನ್ನು ಮನಸ್ಸಿನಲ್ಲೇ ಸಿದ್ಧಪಡಿಸಿದೆ. ಮೊದಲನೆಯ ಅಂಶದಲ್ಲೇ ಸಿಕ್ಕಿಕೊಂಡೆ: ಈ ಮನೆಯಲ್ಲಿ ಕಡೆಯ ಸಲ ಯಾರು, ಯಾವಾಗ ಕೂತು ಉಂಡರು?

ಜನವರಿ ೨೮, ಮಂಗಳವಾರ

ನಾಂಪಲ್ಲಿಯ ಯಂತ್ರದವನು ನೆನಪಾದ. “ಕುಡೀರಿ” ಎಂದು ಅವನು ಯಾರಿಗೂ ಹೇಳಲಿಲ್ಲ. ತಾನು ಕುಡಿದ, ತುಟಿ ಚಪ್ಪರಿಸಿದ, ಮೂವತ್ತೊಂದು ವರ್ಷದ ತಪಾಸಕ ಮರುಳಾದ. ಅಂದಮೇಲೆ ಅನ್ನಕ್ಕೂ ಒಂದು ಪ್ರದರ್ಶನ ಬೇಕು.

ನಾಳೆಯಿಂದ ಪ್ರದರ್ಶನ. ಸ್ಥಳ: ಅಡಿಗೆಮನೆಯ ನೆಲ. ಸಮಯ: ಹತ್ತು, ಒಂದು, ನಾಲ್ಕು. ಪ್ರದರ್ಶಕ: ನಿವೃತ್ತ ತಪಾಸಕ ಪ್ರಾಣೇಶ. ಇದು ಊಟವಲ್ಲ, ಕರ್ತವ್ಯ. ಆದ್ದರಿಂದ ಒಪ್ಪತ್ತಿಗೆ ಭಂಗವಿಲ್ಲ.

ಜನವರಿ ೩೦, ಗುರುವಾರ

ಪ್ರದರ್ಶಕನ ಅಭಿನಯ ಉತ್ತಮ. ಬಿಸಿ ಅನ್ನ, ತೊವ್ವೆ, ತುಪ್ಪ. ನೋಡುವವನಿಗೆ ಕೇಳಿಸಲೆಂದು ಸೊರ್ ಎಂದು ಸಾರು ಕುಡಿದೆ. ಪ್ರೇಕ್ಷಕ ಆಟಿಕೆ ಬಿಟ್ಟು ನನ್ನ ದವಡೆಯನ್ನೇ ನೋಡಿದ.

ನಾಲ್ಕು ಗಂಟೆಯ ಪ್ರದರ್ಶನಕ್ಕೆ ನಾನೇ ಹತ್ತು ನಿಮಿಷ ಮೊದಲು ಹೋಗಿ ಕೂತಿದ್ದೆ. ಗಡಿಯಾರ ತಡ ತೋರಿಸುತ್ತಿರಬೇಕು.

ಫೆಬ್ರವರಿ ೧, ಶನಿವಾರ

ನನ್ನದೇ ತಪ್ಪು. ಬರೆದಿಡುತ್ತೇನೆ.

ಒಂದು ಗಂಟೆಯ ಪ್ರದರ್ಶನದಲ್ಲಿ ವಿಶ್ಯಾ ಅಂಬೆಗಾಲಿಡುತ್ತ ಬಂದ, ನನ್ನ ತೊಡೆ ಹಿಡಿದು ನಿಂತ, ಕೈಯನ್ನು ಮಣಿಕಟ್ಟಿನವರೆಗೆ ನನ್ನ ತಾಟಿನಲ್ಲಿ ಇಳಿಸಿದ. ಎಂಜಲು ತಾಟು. ನಾನು ಯೋಚಿಸಲಿಲ್ಲ, ನನ್ನ ಕೈ ಯೋಚಿಸಿತು. ತಾಟನ್ನು ಸರ್ರನೆ ಹಿಂದಕ್ಕೆಳೆದುಕೊಂಡೆ. ಅವನು ಮುಗ್ಗರಿಸಿ, ನನ್ನ ಮುಖ ನೋಡಿ, ತುಟಿ ಮುದುಡಿ ಅತ್ತ. ದಿನವಿಡೀ ನನ್ನ ಹತ್ತಿರ ಬರಲಿಲ್ಲ.

ಹತ್ತು ದಿನ ಕಾದು ತರಿಸಿದ ಕೈಯನ್ನು ನಾನೇ ತಿರಸ್ಕರಿಸಿ ವಾಪಸು ಕಳಿಸಿದೆ. ಕಾರ್ಖಾನೆಯಲ್ಲಿ ಇಂಥವನನ್ನು ಮೂಲೆಗೆ ವರ್ಗ ಮಾಡುತ್ತಿದ್ದೆವು.

ಶರ್ವರಿಗೆ ಹೇಳಿದೆ. ಅವಳು ಬೈಯಲಿಲ್ಲ. “ಅವ್ವಾ ಇದ್ದಿದ್ರ ಏನ್ ಮಾಡ್ತಿದ್ಲು?” ಎಂದಳು. ಕೃಷ್ಣಾಬಾಯಿ ಇದೇ ಶರ್ವರಿಗೆ ತನ್ನ ತಾಟಿನಿಂದಲೇ ಉಣಿಸುತ್ತಿದ್ದಳು. ನಾನು ಕೆಮ್ಮಿ ಪೇಪರು ಎತ್ತಿಕೊಳ್ಳುತ್ತಿದ್ದೆ.

ಫೆಬ್ರವರಿ ೨, ಭಾನುವಾರ

ಅಳಿಯ ಪೆಟ್ಟಿಗೆಯ ರಸ ತಂದಿದ್ದ. “ಮಾವಾ, ನೂರಕ್ಕೆ ನೂರು ಹಣ್ಣು, ಮೇಲೆ ಬರೆದಿದಾರೆ ನೋಡ್ರಿ.” ತಿರಸ್ಕರಿಸಲಾಗಿದೆ ಎಂದು ಬರೆದು, ಸಹಿ ಹಾಕಿ, ಅವನ ಚೀಲದಲ್ಲೇ ಇಟ್ಟೆ. ಗಾಡಿಯಲ್ಲಿ ಅವನೇ ಕುಡಿಯಲಿ. ಅವನ ತೂಕಕ್ಕೆ ಯಾರೂ ಗಡುವು ಕೊಟ್ಟಿಲ್ಲ.

ಫೆಬ್ರವರಿ ೪, ಮಂಗಳವಾರ

ಸಾಬಮ್ಮ ಇಂದು ಮೊಮ್ಮಗಳನ್ನು ಕರೆತಂದಿದ್ದಳು. ಹೆಸರು ಶಿವಗಂಗಾ, ವಯಸ್ಸು ಹದಿಮೂರು ತಿಂಗಳು, ಕೆನ್ನೆಗಳು ಎರಡು ಬನ್ನು. ಹಿತ್ತಲಲ್ಲಿ ಕೂರಿಸಿ, ಜೋಳದ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಮುಂದಿಟ್ಟಿದ್ದಳು. ಹುಡುಗಿ ಎರಡು ಕೈಯಿಂದ ತಿನ್ನುತ್ತಿತ್ತು. ಹುಬ್ಬಿನ ಮೇಲೂ ಬೇಳೆ.

ನಾನು ಒಳಗೆ ತಾಟು ಹಾಕಿಕೊಂಡು ಪ್ರದರ್ಶನಕ್ಕೆ ಸಿದ್ಧನಾದರೆ ಪ್ರೇಕ್ಷಕನೇ ಇಲ್ಲ. ಅವನು ಆಗಲೇ ಹಿತ್ತಲ ಹೊಸ್ತಿಲ ಮೇಲೆ ಹೊಟ್ಟೆಯೂರಿದ್ದ. ಆಚೆ ಉರುಳಿದ. ತೆವಳಿ ಹೋಗಿ ಶಿವಗಂಗಾಳ ಎದುರು ಕೂತು ಅವಳ ತಾಟಿಗೆ ಕೈ ಹಾಕಿದ. ಆ ಹುಡುಗಿ ಅವನನ್ನೊಮ್ಮೆ ನೋಡಿ ತಾಟನ್ನು ತುಸು ಅವನ ಕಡೆ ನೂಕಿತು. ಹದಿಮೂರು ತಿಂಗಳ ಕೂಸು!

ಒಂದು ಹಿಡಿ ರೊಟ್ಟಿ ಅವನ ಬಾಯಿಗೆ ಹೋಯಿತು. ಉಗುಳಲಿಲ್ಲ. ಇನ್ನೊಂದು ಹಿಡಿ.

ಪಾತ್ರೆಯಿಂದ ತಲೆಯೆತ್ತಿದ ಸಾಬಮ್ಮ ಹೌಹಾರಿ ಓಡಿಬಂದಳು. “ಅಯ್ಯೋ ಸಾಹೇಬ್ರ, ನಮ್ಮ ತಾಟು! ನಾ ನೋಡ್ಲಿಲ್ರಿ, ನಿಮ್ಮ ಮಡಿ…” ಎನ್ನುತ್ತ ತಾಟು ಎತ್ತಿಬಿಟ್ಟಳು. ಎರಡೂ ಕೂಸು ಒಟ್ಟಿಗೆ ಅಳಲು ಶುರುಮಾಡಿದವು.

ಮೊನ್ನೆ ನಾನು ಮಾಡಿದ್ದನ್ನೇ ಅವಳೂ ಮಾಡಿದ್ದಳು. ನೋಡಲು ಅಷ್ಟು ಕೆಟ್ಟದಾಗಿರುತ್ತದೆಂದು ಮಾಡುವಾಗ ಗೊತ್ತಾಗಿರಲಿಲ್ಲ.

“ಕೆಳಗ ಇಡು.”

“ಸಾಹೇಬ್ರ, ಬಳ್ಳೊಳ್ಳಿ ಹಾಕೀನ್ರಿ ಬ್ಯಾಳ್ಯಾಗ.”

“ಇಡು ಅಂದೆನಲ್ಲ ಸಾಬಮ್ಮ.”

ಇಟ್ಟಳು. ಅವನು ಅಳು ನಿಲ್ಲಿಸಿ ಮತ್ತೆ ಕೈಹಾಕಿದ. ಒಳಗೆ ನನ್ನ ಅನ್ನ ಆರುತ್ತಿತ್ತು. ತಾಟನ್ನು ಎತ್ತಿ ತಂದು ಹಿತ್ತಲ ಕಲ್ಲಿನ ಮೇಲೆ, ಆ ಇಬ್ಬರ ಪಕ್ಕ ಕೂತು ಉಂಡೆ.

ಷರಾ: ತಾಂತ್ರಿಕ ಕಾರಣಗಳಿಂದ ಹಿತ್ತಲ ಹೊಸ್ತಿಲನ್ನು ಇಂದು ಒಂದು ಗಂಟೆಯ ಮಟ್ಟಿಗೆ ರದ್ದುಪಡಿಸಲಾಗಿತ್ತು.

ಫೆಬ್ರವರಿ ೫, ಬುಧವಾರ

ರದ್ದತಿಯನ್ನು ವಿಸ್ತರಿಸಲಾಗಿದೆ.

ಫೆಬ್ರವರಿ ೮, ಶನಿವಾರ

ಈಗ ನನ್ನ ತಾಟಿಗೂ ಕೈಹಾಕುತ್ತಾನೆ. ನಾನು ಹಿಂದೆ ಸರಿಯುವುದಿಲ್ಲ, ಸರಿದರೆ ಗೋಡೆಯಿದೆ. ಇಂದು ಅಂಗೈಯಷ್ಟು ಅನ್ನ, ಅರ್ಧ ಬಾಳೆಹಣ್ಣು, ಅರ್ಧ ರೊಟ್ಟಿ. ನನ್ನ ಕಿವಿಯಲ್ಲಿ ಸಿಕ್ಕ ಅಗುಳುಗಳನ್ನು ಲೆಕ್ಕದಿಂದ ಕಳೆಯಲಾಗಿದೆ.

ಶರ್ವರಿಯ ಫೋನು ಬಂದಾಗ ಕೈ ಮುಸುರೆ. ಹಾಗೇ ಎತ್ತಿದೆ. ಈಗ ಫೋನೂ ಮುಸುರೆ.

“ಉಂಡನೇನು?”

“ಉಣ್ಲಿಕತ್ತಾನ. ನಾನೂ ಉಣ್ಲಿಕತ್ತೀನಿ. ಆಮ್ಯಾಲ ಮಾಡು.”

ಮಾಧಾಪುರದ ಲೈನು ಸರಿಯಿಲ್ಲ, ಮೂಗು ಸೊರಗುಟ್ಟಿದಂತೆ ಕೇಳಿಸಿತು.

ಫೆಬ್ರವರಿ ೧೨, ಬುಧವಾರ

ಏಕಾದಶಿ. ನಲವತ್ತು ವರ್ಷ ತಪ್ಪಿಸದ ಉಪವಾಸ. ಮಗುವಿಗೆ ಏಕಾದಶಿಯಿಲ್ಲ, ಆದರೆ ಪ್ರದರ್ಶಕನ ಗತಿಯೇನು?

ಖಾಲಿ ಬಾಯನ್ನೇ ಆಡಿಸುತ್ತ ಅಭಿನಯಿಸಿದೆ. ವಿಶ್ಯಾಗೆ ಅನುಮಾನ ಬಂತು. ತೊಡೆ ಏರಿ, ನನ್ನ ಕೆಳದುಟಿ ಎಳೆದು, ಒಳಗೆ ಬೆರಳು ಹಾಕಿ ಎಡದವಡೆ, ಬಲದವಡೆ ಎರಡನ್ನೂ ಪರಿಶೀಲಿಸಿದ. ಏನೂ ಸಿಗಲಿಲ್ಲ. ತನ್ನ ತುತ್ತನ್ನೂ ಕೆಳಗೆ ಹಾಕಿ ಬಾಯಿ ಮುಚ್ಚಿಕೊಂಡ. ಇಂಥ ಕಟ್ಟುನಿಟ್ಟಿನ ತಪಾಸಣೆಯನ್ನು ನಾನು ಸೇವೆಯಲ್ಲಿದ್ದಾಗಲೂ ಮಾಡಿರಲಿಲ್ಲ.

ಗಡುವಿಗೆ ಒಂಬತ್ತು ದಿನ. ದೇವರ ಮನೆಯ ಕಡೆ ತಿರುಗಿ ಕೈಮುಗಿದು, ಉಂಡೆ.

ಫೆಬ್ರವರಿ ೧೮, ಮಂಗಳವಾರ

ವಿಶ್ಯಾಗೆ ಒಂದು ವರ್ಷ. ಶರ್ವರಿ ರಜೆ ಹಾಕಿದ್ದಳು. ಪಾಯಸ. ಎಲ್ಲರೂ ಕೂತು ಉಂಡೆವು. ಬರೆಯಲು ಪುರಸೊತ್ತಿಲ್ಲ.

ಫೆಬ್ರವರಿ ೨೧, ಶುಕ್ರವಾರ

ಹತ್ತಕ್ಕೆ ತಾರ್ನಾಕ. ವಿಶ್ಯಾನನ್ನು ತಟ್ಟೆಯಲ್ಲಿ ಕೂರಿಸಿದರು. ಚೀರಿದ. ಶರ್ವರಿ ನನ್ನ ತೋಳು ಹಿಡಿದಳು; ಐದು ವರ್ಷದವಳಿದ್ದಾಗ ಹಿಡಿಯುತ್ತಿದ್ದ ಹಾಗೆ. ಮುಳ್ಳು ಅತ್ತಿತ್ತ ಓಲಾಡಿತು. ಅವನು ಒದ್ದಾಡಿದಷ್ಟೂ ಅದೂ ಒದ್ದಾಡಿತು. ನಾನು ಕಣ್ಣು ಮುಚ್ಚಿದೆ. ತಪಾಸಕ ಮಾಡಬಾರದ ಕೆಲಸ.

“ಏಳು ಕಿಲೊ ಒಂಬೈನೂರ ಐವತ್ತು” ಎಂದರು ಡಾಕ್ಟರು.

ನಾನೂರ ಐವತ್ತು. ಐವತ್ತು ಗ್ರಾಂ ಹೆಚ್ಚುವರಿ.

“ಆಸ್ಪತ್ರಿ ಬ್ಯಾಡ. ಇನ್ನೂ ಏರಬೇಕು, ಹಿಂಗ ನಡೀಲಿ. ಏನ್ ಮಾಡಿದ್ರಿ ಕಾಕಾ? ತಖ್ತೆ ತೋರಸ್ರಿ.”

ಜೇಬಿಗೆ ಕೈ ಹಾಕಿದೆ. ತಖ್ತೆ ಇರಲಿಲ್ಲ. ಬರೆಯುವುದನ್ನು ಯಾವಾಗ ಬಿಟ್ಟೆನೋ ನೆನಪಾಗಲಿಲ್ಲ. “ಉಂಡಿವ್ರಿ” ಎಂದೆ.

“ಅದು ಕಾಣಸ್ತದ” ಎಂದು ಅವರು ನನ್ನ ಅಂಗಿಯ ಗುಂಡಿಗಳ ಕಡೆ ನೋಡಿ ನಕ್ಕರು. ಏಕೆಂದು ತಿಳಿಯಲಿಲ್ಲ. ದೋಬಿ ಅಂಗಿಯನ್ನು ಕುಗ್ಗಿಸಿದ್ದಾನೆ, ನಿಜ.

ಶರ್ವರಿ ಅಲ್ಲಿಂದಲೇ ಆಫೀಸಿಗೆ ಹೊರಟಳು. ಆಟೋ ಹತ್ತುವಾಗ, “ಕೆಲಸ ಬಿಡೂದು ಏನಾತು?” ಎಂದು ಕೆಣಕಿದೆ. “ನೀವು ಬಿಡಬ್ಯಾಡ್ರಿ ನಿಮ್ಮ ಕೆಲಸಾ” ಎಂದಳು.

ನಾವಿಬ್ಬರೂ ಮನೆ ಮುಟ್ಟಿದಾಗ ಸಾಬಮ್ಮ, ಶಿವಗಂಗಾ ಹಿತ್ತಲಲ್ಲಿ ಕಾಯುತ್ತಿದ್ದರು. “ಎಷ್ಟಾತ್ರಿ?” ಎಂದಳು. ಹೇಳಿದೆ. ಒದ್ದೆ ಕೈಯಿಂದಲೇ ವಿಶ್ಯಾನಿಗೆ ದೃಷ್ಟಿ ನೀವಾಳಿಸಿ ನೆಟಿಗೆ ಮುರಿದಳು.

ಈ ಹದಿನೇಳು ದಿನ ನಾವು ಮೂವರು ಉಂಡ ಮೇಲೆ ಇವಳು ಆಚೆ ಹೋಗಿ, ನಿಂತು, ತನ್ನ ಡಬ್ಬಿಯಿಂದ ತಿನ್ನುತ್ತಿದ್ದಳು. ಗುಳಿಗೆ ನುಂಗಿದ ಹಾಗೆ. ಇಂದು ಅಡಿಗೆಮನೆಯಲ್ಲೇ ತಾಟು ಹಾಕಿದೆ. ಮನೆಯಲ್ಲಿ ಇನ್ನೊಂದು ಸರಿಯಾದ ತಾಟಿರಲಿಲ್ಲ. ಅಟ್ಟ ಹತ್ತಿದೆ. ಯಂತ್ರವನ್ನು ಸರಿಸಿ, ಸೀರೆ ಬಿಚ್ಚಿ, ತಾಟನ್ನು ಇಳಿಸಿ ತೊಳೆದೆ. ದೊಡ್ಡ ತಾಟು, ಅಗಲ ಅಂಚು.

“ಒಳಗ ಬಾ, ಕೂಡು.”

“ಬ್ಯಾಡ್ರಿ ಸಾಹೇಬ್ರ. ಅದು ಅಮ್ಮಾರ ತಾಟು.”

“ಪ್ರದರ್ಶನಕ್ಕ ಜನ ಸಾಲವಲ್ರು ಸಾಬಮ್ಮ. ನೀನೂ ಒಬ್ಬಾಕಿ ಬೇಕು.”

ಕೈಕಾಲು ತೊಳೆದುಕೊಂಡಳು. ಆಮೇಲೆ ಸೆರಗಿನಿಂದ ಕಾಲು ಒರೆಸಿಕೊಂಡು ಹೊಸ್ತಿಲು ದಾಟಿ ಬಂದು ಗೋಡೆಗೆ ಆತು ಕೂತಳು.

ಆದರೆ ಬಡಿಸಲಾಗಿಲ್ಲ. ನಾನು ಅನ್ನದ ಪಾತ್ರೆ ತರುವಷ್ಟರಲ್ಲಿ ವಿಶ್ಯಾ ಹೋಗಿ ಕೃಷ್ಣಾಬಾಯಿಯ ತಾಟಿನೊಳಗೇ ಕೂತುಬಿಟ್ಟಿದ್ದಾನೆ. ಅಂಚು ಹಿಡಿದುಕೊಂಡಿದ್ದಾನೆ, ಏಳಲೊಲ್ಲ. ಬೆಳಗ್ಗೆ ಡಾಕ್ಟರ ತಟ್ಟೆಯಲ್ಲಿ ಚೀರಿದವನು ಇದರಲ್ಲಿ ಕೂತು ಕೇಕೆ ಹಾಕುತ್ತಿದ್ದಾನೆ. ಸಾಬಮ್ಮ ನಗುತ್ತಿದ್ದಾಳೆ. ಅವನು ಎದ್ದೇಳುವವರೆಗೆ ಇಷ್ಟು ಬರೆದೆ.

ಎದ್ದ. ಬಡಿಸಬೇಕು.